ಒಂದೂ ಮಾತಾಡದ ನಾಟಕ: ಒಂದು ಗಂಟೆಯ ಗೀತನಾಟಕ ಕಟ್ಟುವ ಬಗೆ

ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ವೇಷಧಾರಿ ಅರ್ಥ ಹೇಳುತ್ತಾನೆ. ಕಂಪನಿ ನಾಟಕದಲ್ಲಿ ಮಾತು ಕಾವೇರಿದ ಕಡೆ ರಂಗಗೀತೆ ಬರುತ್ತದೆ. ಗೀತನಾಟಕದಲ್ಲಿ ಈ ಎರಡು ಅನುಕೂಲವೂ ಇಲ್ಲ. ಪರದೆ ಎದ್ದಾಗಿನಿಂದ ಬೀಳುವ ತನಕ ಎಲ್ಲವನ್ನೂ ಹಾಡಬೇಕು, "ಯಾರು ಬಂದರು?" "ಉಂಡೆಯಾ?" ಎಂಬಂಥವನ್ನೂ ಸೇರಿಸಿ. ಕನ್ನಡದಲ್ಲಿ ಈ ದಾರಿ ಹೊಸದಲ್ಲ. ಪು.ತಿ. ನರಸಿಂಹಾಚಾರ್ ಅವರಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಹಂಸ ದಮಯಂತಿ ಮತ್ತು ಇತರ ರೂಪಕಗಳು' ಸಂಕಲನಕ್ಕೆ. ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಶಿವರಾಮ ಕಾರಂತರೂ ಗೀತನಾಟಕಗಳನ್ನು ಬರೆದರು.

ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಎಡವುವುದು ಹಾಡುಗಳಲ್ಲಿ ಅಲ್ಲ, ಹಾಡುಗಳ ನಡುವೆ. ಹದಿನೈದು ಒಳ್ಳೆಯ ಹಾಡು ಬರೆದು ನಡುವೆ ನಿರೂಪಕನನ್ನು ನಿಲ್ಲಿಸಿದರೆ ಅದು ವೇಷ ಹಾಕಿಕೊಂಡ ಸಂಗೀತ ಕಚೇರಿಯಾಗುತ್ತದೆ. ನಾಟಕ ನಡೆಯುವುದು ಪ್ರಶ್ನೆ, ಉತ್ತರ, ಅನುಮಾನ, ಸುಳ್ಳು, ಒಪ್ಪಿಗೆ ಇವುಗಳಲ್ಲಿ. ಇವನ್ನು ಹಾಡಿಯೂ ಮಾತಿನಂತೆ ಕೇಳಿಸುವುದೇ ಈ ಕಲೆಯ ಕಷ್ಟ. 1600ರಲ್ಲಿ ಫ್ಲಾರೆನ್ಸಿನಲ್ಲಿ ಯಾಕೊಪೊ ಪೆರಿ, 1607ರಲ್ಲಿ ಮಾಂಟುವಾದಲ್ಲಿ ಮೊಂಟೆವರ್ಡಿ ಒಪೆರಾ (ಪಶ್ಚಿಮದ ಗೀತನಾಟಕ) ಕಟ್ಟಿದಾಗ ಎದುರಾದದ್ದೂ ಇದೇ. ಅವರು ರೆಸಿಟೆಟಿವ್ ಎಂಬ ಹಾಡು-ಮಾತನ್ನು ಬಳಸಿದರು. ನಮಗೆ ಅದನ್ನು ಎರವಲು ತರುವ ಅಗತ್ಯವಿಲ್ಲ, ಗಮಕ ಇದೆ. ರಾಗವಿದ್ದು ತಾಳವಿಲ್ಲದ, ಪದವನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿ ಹಾಡುವ ಕಾವ್ಯವಾಚನ ಕುಮಾರವ್ಯಾಸನ ಕಾವ್ಯದ ಮೂಲಕ ಇವತ್ತಿಗೂ ಬದುಕಿದೆ. ಕನ್ನಡ ಗೀತನಾಟಕದ ಬೆನ್ನೆಲುಬು ಇದೇ ಆಗಬೇಕು.

ಮುಂದಿನ ಲೆಕ್ಕಗಳೆಲ್ಲ 60 ನಿಮಿಷದ ಪ್ರದರ್ಶನಕ್ಕೆ: ಆರು ಮಂದಿ ಪಾತ್ರಧಾರಿ ಗಾಯಕರು, ನಾಲ್ಕು ಮಂದಿಯ ಮೇಳ (ಒಟ್ಟಾಗಿ ಹಾಡುವವರು), ನಾಲ್ಕು ವಾದ್ಯಗಳ ಹಿಮ್ಮೇಳ. ಉದಾಹರಣೆಗೆ 'ಕೆರೆಗೆ ಹಾರ'ದ ಜನಪದ ಕಥೆಯನ್ನು ಇಟ್ಟುಕೊಂಡಿದ್ದೇವೆ. ಕೆಳಗಿನ ಸಾಲುಗಳು ಮಾತ್ರ ಮಾದರಿಗಾಗಿ ಹೊಸದಾಗಿ ಬರೆದವು.

1. ಕಥೆಯನ್ನು ಆರಿಸಿ, ಕಡಿಯಿರಿ

ಹಾಡಿದಾಗ ಸುದ್ದಿ ನಿಧಾನವಾಗಿ ತಲುಪುತ್ತದೆ. ಆದ್ದರಿಂದ ತಿರುವುಗಳ ಮೇಲೆ ತಿರುವು ಬರುವ ಕಥೆ ಬೇಡ. ಪ್ರೇಕ್ಷಕರಿಗೆ ಗೊತ್ತಿರುವ, ಅಥವಾ ಹತ್ತು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಕಥೆ ಬೇಕು. 'ಕೆರೆಗೆ ಹಾರ' ಎರಡಕ್ಕೂ ಹೊಂದುತ್ತದೆ. ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಹಾರ (ಬಲಿ) ಕೊಡಬೇಕೆಂಬ ಮಾತು ಬರುತ್ತದೆ, ಅವಳು ತವರಿಗೆ ಹೋಗಿಯೂ ನಿಜ ಹೇಳದೆ ಮರಳುತ್ತಾಳೆ, ಕೆರೆ ತುಂಬುತ್ತದೆ, ದಂಡಿನಿಂದ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ.

ದೃಶ್ಯಗಳ ಹಂಚಿಕೆ ಹೀಗಿರಲಿ: ಒಣಗಿದ ಕೆರೆ ಮತ್ತು ಜೋಯಿಸ 8 ನಿಮಿಷ, ಮನೆಯ ನಿರ್ಧಾರ 7, ತವರು 12, ಗೆಳತಿ 6, ಕೆರೆಯ ಪೂಜೆ 13, ಮಾದೇವರಾಯ 10. ಉಳಿದ 4 ನಿಮಿಷ ಆರಂಭದ ವಾದ್ಯಕ್ಕೆ ಮತ್ತು ದೃಶ್ಯ ಬದಲಾವಣೆಗೆ. ತವರಿನ ದೃಶ್ಯಕ್ಕೆ ಇಷ್ಟು ಹೊತ್ತು ಏಕೆಂದರೆ ನಾಟಕದ ಹೃದಯ ಅಲ್ಲಿದೆ: ಎಲ್ಲರೂ ಕೇಳುತ್ತಾರೆ, ಅವಳು ಹೇಳುವುದಿಲ್ಲ.

2. ಮೂರು ಬಗೆಯ ಹಾಡಿಕೆ

ಸಾಲು ಬರೆಯುವ ಮೊದಲೇ ಪ್ರತಿ ದೃಶ್ಯದ ಪಕ್ಕದಲ್ಲಿ ಯಾವ ಭಾಗ ಯಾವ ಬಗೆಯಲ್ಲಿ ಬರುತ್ತದೆ ಎಂದು ಗುರುತು ಹಾಕಿ.

ಗಮಕದ ಧಾಟಿ: ರಾಗವಿದೆ, ತಾಳವಿಲ್ಲ. ನಿರೂಪಣೆಗೆ, ಕೆಟ್ಟ ಸುದ್ದಿಗೆ, ನಿಜ ಹೊರಬೀಳುವ ಗಳಿಗೆಗೆ.

ಮಾತಿನ ಹಾಡು: ತಾಳವಿದೆ, ಒಂದು ಅಕ್ಷರಕ್ಕೆ ಹೆಚ್ಚೆಂದರೆ ಎರಡು ಸ್ವರ, ಸಾಲು ಮರುಕಳಿಸುವುದಿಲ್ಲ. ಪ್ರಶ್ನೋತ್ತರ, ಜಗಳ, ಉಪಚಾರ ಎಲ್ಲ ಇದರಲ್ಲಿ.

ಪೂರ್ಣ ಹಾಡು: ಪಲ್ಲವಿ ಇದೆ, ಮರುಕಳಿಕೆ ಇದೆ. ಪಾತ್ರ ತನ್ನೊಳಗಿನದನ್ನು ಹೇಳುವಾಗ ಮಾತ್ರ. ಪೂರ್ಣ ಹಾಡಿನಲ್ಲಿ ಕಥೆ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಹಾಗಾಗಿ ಹೊಸ ಸುದ್ದಿಯನ್ನು ಎಂದೂ ಪೂರ್ಣ ಹಾಡಿನೊಳಗೆ ಹಾಕಬೇಡಿ, ಕೇಳುಗ ರಾಗದ ಹಿಂದೆ ಹೋಗಿರುತ್ತಾನೆ.

ಒಂದು ಗಂಟೆಯಲ್ಲಿ ಗಮಕದ ಧಾಟಿಗೆ 12 ನಿಮಿಷ, ಮಾತಿನ ಹಾಡಿಗೆ 20, ಪೂರ್ಣ ಹಾಡಿಗೆ 22, ಬರೀ ವಾದ್ಯಕ್ಕೆ 6 ಎಂದು ಇಟ್ಟುಕೊಳ್ಳಿ (ದೃಶ್ಯ ಬದಲಾವಣೆಯ 4 ನಿಮಿಷ ಈ ಆರರಲ್ಲೇ ಸೇರಿದೆ). ಗಮಕದಲ್ಲಿ ನಿಮಿಷಕ್ಕೆ ಸುಮಾರು 6 ಸಾಲು, ಮಾತಿನ ಹಾಡಿನಲ್ಲಿ 8, ಪೂರ್ಣ ಹಾಡಿನಲ್ಲಿ ಮರುಕಳಿಕೆ ಸೇರಿ 4 ಹೊಸ ಸಾಲು ಸಾಗುತ್ತವೆ. ಅಂದರೆ ಇಡೀ ಪಠ್ಯ 320 ಸಾಲು. 500 ಸಾಲು ಬರೆದಿದ್ದರೆ ತಾಲೀಮಿಗೆ ಮೊದಲೇ ಕತ್ತರಿಸಿ. ತಾಲೀಮಿನಲ್ಲಿ ಕತ್ತರಿಸಿದರೆ ಪ್ರಾಸವೂ ತಾಳದ ಸುತ್ತೂ ತುಂಡಾಗುತ್ತವೆ.

3. ಛಂದಸ್ಸನ್ನು ತಾಳಕ್ಕೆ ಕೂಡಿಸುವುದು

ನಮ್ಮ ಮಾತ್ರಾಛಂದಸ್ಸುಗಳು ತಾಳದ ಲೆಕ್ಕವನ್ನು ಒಳಗೇ ಇಟ್ಟುಕೊಂಡಿವೆ (ಹ್ರಸ್ವ ಅಕ್ಷರವಾದ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು). ಗದ್ಯಕ್ಕೆ ರಾಗ ಹಾಕಲು ಹೋದರೆ ಪ್ರತಿ ಸಾಲಿಗೂ ಬೇರೆ ಬೇರೆ ಉದ್ದ ಬಂದು ತಬಲಾದವನು ದಾರಿ ತಪ್ಪುತ್ತಾನೆ. ಛಂದಸ್ಸು ಹಿಡಿದು ಬರೆದರೆ ಅರ್ಧ ಕೆಲಸ ಮುಗಿದಂತೆ.

ಮೂರು ಮಾತ್ರೆಯ ಗಣ (ಉತ್ಸಾಹ ರಗಳೆ, ಭೋಗ ಷಟ್ಪದಿ) ತಿಶ್ರ ನಡೆಗೆ, ಹಿಂದೂಸ್ತಾನಿಯಲ್ಲಾದರೆ ದಾದ್ರಾಕ್ಕೆ ಕೂರುತ್ತದೆ. ನಾಲ್ಕು ಮಾತ್ರೆಯದು (ಮಂದಾನಿಲ ರಗಳೆ, ಶರ, ಪರಿವರ್ಧಿನಿ) ಆದಿತಾಳಕ್ಕೆ ಅಥವಾ ತೀನ್‌ತಾಲಕ್ಕೆ. ಐದು ಮಾತ್ರೆಯದು (ಲಲಿತ ರಗಳೆ, ಕುಸುಮ, ವಾರ್ಧಕ) ಖಂಡಛಾಪು ಅಥವಾ ಝಪ್‌ತಾಲಕ್ಕೆ. ಮೂರು-ನಾಲ್ಕು ಕೂಡಿದ ಭಾಮಿನಿ ಮಿಶ್ರಛಾಪು ಅಥವಾ ರೂಪಕ್ ತಾಲಕ್ಕೆ.

ಭಾಮಿನಿಯ ಅರ್ಧ ಪದ್ಯ ನೋಡಿ, ಮೊದಲ ದೃಶ್ಯಕ್ಕೆ:

ಊರ ಮುಂದಿನ ಹೊಸತು ಕೆರೆಯಲಿ
ಹನಿಯು ನಿಲ್ಲದು ತಳವು ಬಿರಿದಿದೆ
ಯಾರ ಕಾಣಿಕೆ ಬೇಡುತಿರುವಳು ತಾಯಿ ಗಂಗಮ್ಮ

ಮೊದಲೆರಡು ಸಾಲು 3+4+3+4, ಅಂದರೆ ಮಿಶ್ರಛಾಪಿನ ತಲಾ ಎರಡು ಆವರ್ತ (ತಾಳದ ಸುತ್ತು). ಮೂರನೆಯ ಸಾಲು ಮೂರು ಆವರ್ತವಾಗಿ ಕೊನೆಯಲ್ಲಿ ಒಂದು ಗುರು ಉಳಿಯುತ್ತದೆ. ಆ ಗುರುವಿಗೆ ಒಂದು ಇಡೀ ಆವರ್ತ ಕೊಡಿ. ಎರಡು ಮಾತ್ರೆ ಅಕ್ಷರಕ್ಕೆ, ಐದು ಮಾತ್ರೆ ಉಸಿರಿಗೆ. ಹೀಗೆ ಅರ್ಧ ಪದ್ಯಕ್ಕೆ 8 ಆವರ್ತ, ಪೂರ್ಣ ಪದ್ಯಕ್ಕೆ 16. ನಿಮಿಷಕ್ಕೆ 30 ಆವರ್ತದ ವೇಗದಲ್ಲಿ ಒಂದು ಭಾಮಿನಿ 32 ಸೆಕೆಂಡಿನಲ್ಲಿ ಮುಗಿಯುತ್ತದೆ, 20 ಆವರ್ತದ ವೇಗದಲ್ಲಿ 48 ಸೆಕೆಂಡು. ಅದೇ ಪದ್ಯವನ್ನು ಗಮಕದ ಧಾಟಿಯಲ್ಲಿ ತಾಳ ಬಿಟ್ಟೂ ಹೇಳಬಹುದು. ಮೊದಲ ದೃಶ್ಯದಲ್ಲಿ ತಾಳವಿಲ್ಲದೆ ಕೇಳಿಸಿದ ಪದ್ಯ ಐದನೆಯ ದೃಶ್ಯದಲ್ಲಿ ತಾಳ ಹಿಡಿದು ಬಂದರೆ ಬೇರೆಯೇ ಬಲ ಬರುತ್ತದೆ.

ಮಾತಿನ ಹಾಡಿಗೆ ಮಂದಾನಿಲ ರಗಳೆಯಷ್ಟು ಒಗ್ಗುವ ಛಂದಸ್ಸು ಇನ್ನೊಂದಿಲ್ಲ. ಸಾಲಿಗೆ 16 ಮಾತ್ರೆ. ಆದಿತಾಳದ ಪ್ರತಿ ಘಾತಕ್ಕೆ (ತಾಳದ ತಟ್ಟಿಗೆ) ಎರಡು ಮಾತ್ರೆ ಇಟ್ಟರೆ ಒಂದು ಸಾಲಿಗೆ ಒಂದು ಆವರ್ತ. ತೀನ್‌ತಾಲದಲ್ಲೂ ಒಂದು ಸಾಲಿಗೆ ಒಂದು ಆವರ್ತವೇ. ತವರಿನ ದೃಶ್ಯ ಹೀಗೆ ಶುರುವಾಗಬಹುದು:

ಅಪ್ಪ: ಏನವ ಮಗಳೇ ಒಬ್ಬಳೆ ಬಂದೆ?
ಭಾಗೀರಥಿ: ಸುಮ್ಮನೆ ನಿಮ್ಮನು ನೋಡಲು ಬಂದೆ.
ಅಪ್ಪ: ಉಣ್ಣಲು ಏಳವ. ಭಾಗೀರಥಿ: ಒಲ್ಲೆನು ಅಪ್ಪಾ.

ಮೂರನೆಯ ಸಾಲನ್ನು ಇಬ್ಬರು ಹಂಚಿಕೊಂಡಿದ್ದಾರೆ. ಅಪ್ಪನಿಗೆ ಆದಿತಾಳದ ಲಘು (ಮೊದಲ ನಾಲ್ಕು ಘಾತ), ಮಗಳಿಗೆ ಎರಡು ದ್ರುತ (ಉಳಿದ ನಾಲ್ಕು). ಮಾತು ನಿಜವಾಗಿ ಮಾತಿನಂತೆ ಕೇಳಿಸುವುದು ಹೀಗೆ ಸಾಲು ಒಡೆದಾಗ. ದೃಶ್ಯ ಬಿಗಿಯಾದಂತೆ ಕಾಲು ಸಾಲಿಗೆ, ಅಂದರೆ ನಾಲ್ಕು ಮಾತ್ರೆಗೆ ಇಳಿಸಿ. ಅದಕ್ಕಿಂತ ಚಿಕ್ಕದು ಮಾಡಿದರೆ ಗಾಯಕರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು, ಎಲ್ಲ ಸಾಲನ್ನೂ ಸಮದಲ್ಲೇ (ಆವರ್ತದ ಮೊದಲ ಘಾತದಲ್ಲೇ) ಎತ್ತುವುದು. ನಾಲ್ಕು ಸಾಲಿನೊಳಗೆ ಅದು ಮಗ್ಗಿ ಒಪ್ಪಿಸಿದಂತೆ ಕೇಳಿಸುತ್ತದೆ. ಪ್ರಶ್ನೆ ಸಮದಲ್ಲಿ ಬಂದರೆ ಉತ್ತರವನ್ನು ಅರ್ಧ ಅಥವಾ ಒಂದು ಘಾತ ಬಿಟ್ಟು ಎತ್ತಿ. ಸುಳ್ಳು ಹೇಳುವವರು, ಹಿಂಜರಿಯುವವರು ತಡವಾಗಿ ಎತ್ತಲಿ. ಸಿಟ್ಟಿನವರು ಹಿಂದಿನ ಸಾಲಿನ ಕೊನೆಯ ಘಾತದಲ್ಲೇ ನುಗ್ಗಲಿ.

4. ಪದಗಳು ಕಿವಿಗೆ ಬೀಳುವಂತೆ

ಕನ್ನಡದಲ್ಲಿ ಹ್ರಸ್ವ-ದೀರ್ಘ ಅರ್ಥವನ್ನೇ ಬದಲಿಸುತ್ತವೆ. ಲಘು ಅಕ್ಷರವನ್ನು ಎಳೆದರೆ ನರಿ ನಾರಿಯಾಗುತ್ತಾಳೆ, ಬಳೆ ಬಾಳೆಯಾಗುತ್ತದೆ. ಒತ್ತು ಬಿದ್ದರೆ ಕತೆ ಕತ್ತೆ. ಆದ್ದರಿಂದ ಎಳೆಯುವ ಸ್ವರವನ್ನು ಯಾವಾಗಲೂ ಗುರುವಿನ ಮೇಲೆ, ಇಲ್ಲವೇ ಪದದ ಕೊನೆಯ ಅಕ್ಷರದ ಮೇಲೆ ಇಡಿ.

ಇನ್ನೂ ಅಪಾಯದ್ದು ನಿಷೇಧ. ನಮ್ಮ ಭಾಷೆಯಲ್ಲಿ 'ಇಲ್ಲ' ಎಂಬ ಅರ್ಥ ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. 'ನೋಡಿದೆ', 'ನೋಡದೆ' ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಹ್ರಸ್ವ ಸ್ವರ; ಸಭಾಂಗಣದ ಹತ್ತನೆಯ ಸಾಲಿಗೆ ಅದು ತಲುಪುವುದಿಲ್ಲ. 'ಬಾರದಿರುವನು' ಎಂಬಲ್ಲಿ 'ಬಾ' ಮೇಲೆ ಎಳೆದು ಉಸಿರು ತೆಗೆದುಕೊಂಡರೆ ಪ್ರೇಕ್ಷಕರಿಗೆ ಕೇಳಿಸಿದ್ದು 'ಬಾ' ಎಂಬ ಕರೆ. ಕಥೆ ತಿರುಗುವ ಕಡೆ 'ಒಲ್ಲೆ', 'ಬೇಡ', 'ಇಲ್ಲ' ಎಂಬ ಬಿಡಿ ಪದಗಳನ್ನೇ ಬಳಸಿ, ಅವನ್ನು ಸಾಲಿನ ಮೊದಲಿಗೆ ತನ್ನಿ. ಮೇಲಿನ ಮಾದರಿಯಲ್ಲಿ 'ಒಲ್ಲೆನು' ದ್ರುತದ ಮೊದಲ ಘಾತಕ್ಕೆ ಬಂದಿರುವುದು ಅದಕ್ಕಾಗಿಯೇ.

ತಾರಸ್ಥಾಯಿಯಲ್ಲಿ 'ಇ', 'ಉ' ಬಾಯಿ ಮುಚ್ಚಿಸುತ್ತವೆ, ಸ್ವರ ಹಿಂಡಿದಂತೆ ಬರುತ್ತದೆ. ಏರಿದ ಸ್ವರಕ್ಕೆ 'ಆ', 'ಓ', 'ಏ' ಬರುವಂತೆ ಪದ ಬದಲಿಸಿ. ಹೆಸರುಗಳ ವಿಷಯದಲ್ಲಿ ಧಾರಾಳವಾಗಿರಿ: ಪ್ರತಿ ಪಾತ್ರದ ಹೆಸರೋ ನಂಟೋ ಅದು ಬಂದ ಮೊದಲ ಅರ್ಧ ನಿಮಿಷದಲ್ಲಿ ಎರಡು ಸಲ ಕೇಳಿಸಬೇಕು. ಸಂಧಿಗಳನ್ನು ಬಿಡಿಸಿ ಬರೆಯಿರಿ. ಓದಲು ಚಂದದ ಸಂಧಿ ಹಾಡಿದಾಗ ಗಂಟಾಗುತ್ತದೆ.

5. ರಾಗ ಮತ್ತು ಶ್ರುತಿ

ಒಂದು ಗಂಟೆಗೆ ಏಳೆಂಟು ಧಾಟಿ ಸಾಕು. ಪ್ರತಿ ಸಾಲಿಗೂ ಹೊಸ ಧಾಟಿ ಕಟ್ಟಿದರೆ ಗಾಯಕರಿಗೆ ನೆನಪಿರುವುದಿಲ್ಲ, ಕೇಳುಗರಿಗೆ ಹಿಡಿತ ಸಿಗುವುದಿಲ್ಲ. ತವರಿನಲ್ಲಿ ಅಪ್ಪ, ಅವ್ವ, ಅಕ್ಕ ಮೂವರೂ ಒಂದೇ ಧಾಟಿಯಲ್ಲಿ ಕೇಳಲಿ. ಅಪ್ಪನದು ನಿಧಾನ, ಅವ್ವನದು ತುಸು ಬಿರುಸು, ಅಕ್ಕನದು ಅರ್ಧ ಸಾಲು. ಕೇಳುವವರು ಬದಲಾದರೂ ಪ್ರಶ್ನೆ ಅದೇ ಎಂಬುದು ರಾಗದಿಂದಲೇ ತಿಳಿಯುತ್ತದೆ.

ಮಾತಿನ ಹಾಡಿಗೆ ಮೋಹನ, ಶುದ್ಧ ಸಾವೇರಿ, ಮಧ್ಯಮಾವತಿ, ಹಿಂದೋಳದಂಥ ಐದು ಸ್ವರದ ರಾಗಗಳು ಹಗುರ. ತೋಡಿ, ವರಾಳಿಯಂಥವುಗಳ ಕಂಪನ ವ್ಯಂಜನಗಳನ್ನು ನುಂಗುತ್ತದೆ, ಅವನ್ನು ಪೂರ್ಣ ಹಾಡಿಗೆ ಮೀಸಲಿಡಿ. ಪ್ರಶ್ನೆಯನ್ನು ಆಧಾರ ಸ್ವರವಾದ ಷಡ್ಜದಲ್ಲಿ ನಿಲ್ಲಿಸಬೇಡಿ, ರಿಷಭದಲ್ಲೋ ಪಂಚಮದಲ್ಲೋ ತೂಗಿಬಿಡಿ. ಉತ್ತರ ಷಡ್ಜಕ್ಕೆ ಇಳಿಯಲಿ. ಆದರೆ ಭಾಗೀರಥಿ ತವರಿನ ಹನ್ನೆರಡು ನಿಮಿಷ ಪೂರ್ತಿ ಒಮ್ಮೆಯೂ ಷಡ್ಜದಲ್ಲಿ ಮುಗಿಸಬಾರದು. ಗೆಳತಿಯ ಎದುರು ತಾಳ ನಿಂತು, ಗಮಕದ ಧಾಟಿಯಲ್ಲಿ ನಿಜ ಹೇಳುವಾಗ ಮೊದಲ ಸಲ ಷಡ್ಜ ಸಿಗಲಿ. ಸಂಗೀತ ಬಾರದವರಿಗೂ ಅದು ತಾಗುತ್ತದೆ.

ಗಂಡಸು-ಹೆಂಗಸಿನ ಶ್ರುತಿ ಹೊಂದದಿರುವುದು ಪ್ರತಿ ತಂಡದ ತಲೆನೋವು. ಗಂಡಸಿಗೆ ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಕಪ್ಪು ಒಂದು (ಸಿ ಶಾರ್ಪ್) ಹಿತ, ಹೆಂಗಸಿಗೆ ಕಪ್ಪು ನಾಲ್ಕು (ಜಿ ಶಾರ್ಪ್, ಅಂದರೆ ಐದೂವರೆ ಶ್ರುತಿ). ಮಧ್ಯದ ಯಾವುದೋ ಶ್ರುತಿಗೆ ಇಬ್ಬರನ್ನೂ ಎಳೆದರೆ ಅವನು ಕಿರುಚುತ್ತಾನೆ, ಅವಳ ದನಿ ಮಂದ್ರದಲ್ಲಿ ಮುಳುಗುತ್ತದೆ. ಇದಕ್ಕೆ ಗ್ರಹಭೇದ, ಅಂದರೆ ಅವೇ ಸ್ವರಗಳಲ್ಲಿ ಷಡ್ಜದ ಜಾಗ ಬದಲಿಸುವುದನ್ನು, ಬಳಸಿ. ಅಪ್ಪ ಕಪ್ಪು ಒಂದರಿಂದ ಮೋಹನ ಹಾಡಲಿ. ಆ ಮೋಹನದ ಪಂಚಮವೇ ಕಪ್ಪು ನಾಲ್ಕು. ಅದನ್ನು ಷಡ್ಜ ಮಾಡಿಕೊಂಡರೆ ಅವೇ ಐದು ಸ್ವರಗಳು ಶುದ್ಧ ಸಾವೇರಿಯಾಗುತ್ತವೆ. ಮಗಳು ಶುದ್ಧ ಸಾವೇರಿ ಹಾಡಲಿ. ಹಾರ್ಮೋನಿಯಂನವನ ಬೆರಳು ಅವೇ ಮನೆಗಳಲ್ಲಿ ಇರುತ್ತದೆ, ತಂಬೂರಿಯನ್ನು ಬದಲಿಸಬೇಕಿಲ್ಲ, ಇಬ್ಬರ ಕಂಠಕ್ಕೂ ಸುಖ. ಇದೇ ರೀತಿ ಶಂಕರಾಭರಣದ ಮಧ್ಯಮದಿಂದ ಕಲ್ಯಾಣಿ ಸಿಗುತ್ತದೆ.

6. ಹಿಮ್ಮೇಳ

ಹಾರ್ಮೋನಿಯಂ, ಕೊಳಲು ಅಥವಾ ಪಿಟೀಲು, ಮೃದಂಗ ಅಥವಾ ತಬಲಾ, ಜೊತೆಗೆ ಕಂಜಿರ ಮತ್ತು ತಾಳ ಹಿಡಿಯುವ ಒಬ್ಬರು. ಇವರು ರಂಗದ ಮೇಲೆಯೇ, ಪ್ರೇಕ್ಷಕರ ಬಲಕ್ಕೆ, ಗಾಯಕರ ಬಾಯಿ ಕಾಣುವಂತೆ ಕೂರಬೇಕು. ಪರದೆಯ ಹಿಂದೆ ಕೂರಿಸಿದರೆ ಗಮಕದ ಧಾಟಿಯಲ್ಲಿ ಉಸಿರು ನೋಡಿ ಹಿಂಬಾಲಿಸಲು ಆಗುವುದಿಲ್ಲ. ಮಾತಿನ ಹಾಡಿಗೆ ಆರಂಭದ ವಾದ್ಯ ಬೇಡ, ಒಂದೇ ಸ್ವರ ಕೊಟ್ಟರೆ ಸಾಕು. ನಾಲ್ಕು ಆವರ್ತ ನುಡಿಸಿದರೆ ಪಾತ್ರಗಳು ಉತ್ತರ ಹೇಳಲು ಕಾಯುತ್ತ ನಿಂತಂತೆ ಕಾಣುತ್ತದೆ. ಗಮಕದ ಧಾಟಿಯಲ್ಲಿ ಮೃದಂಗ ಸಂಪೂರ್ಣ ಸುಮ್ಮನಿರಲಿ.

ನೀರು ಏರುವ ದೃಶ್ಯ ಮೇಳದ್ದು. ಪಾದ, ಮೊಣಕಾಲು, ನಡು, ಎದೆ, ಮುಡಿ ಎಂದು ಐದು ಹಂತ ಮಾಡಿ, ಹಂತಕ್ಕೊಂದು ಚುಟುಕು ಪದ್ಯ. ಧಾಟಿ ಒಂದೇ, ನಿಲುಗಡೆ ಮಾತ್ರ ಷಡ್ಜ, ಗಾಂಧಾರ, ಪಂಚಮ, ಧೈವತ, ತಾರಷಡ್ಜ ಎಂದು ಏರಲಿ. ವೇಗ ನಿಮಿಷಕ್ಕೆ 60 ಘಾತದಿಂದ ಆರಂಭಿಸಿ 100ಕ್ಕೆ ನಿಲ್ಲಿಸಿ. ಎರಡನೆಯ ಹಂತದಲ್ಲೇ ತಾಳವಾದ್ಯದವರು ಉತ್ಸಾಹದಲ್ಲಿ 100 ಮುಟ್ಟಿದರೆ ಕೊನೆಯ ಪದ್ಯದ ಒಂದು ಪದವೂ ತಿಳಿಯುವುದಿಲ್ಲ. ಪ್ರತಿ ಹಂತಕ್ಕೂ ವೇಗ ಗೊತ್ತುಮಾಡಿ (60, 70, 80, 90, 100) ಮೆಟ್ರೊನೋಮ್ (ಒಂದೇ ವೇಗದಲ್ಲಿ ಘಾತ ಕೊಡುವ ಸಾಧನ) ಇಟ್ಟು ತಾಲೀಮು ಮಾಡಿಸಿ. ತಾರಷಡ್ಜದಲ್ಲಿ ಎಲ್ಲ ವಾದ್ಯ ಒಟ್ಟಿಗೆ ನಿಲ್ಲಲಿ. ಐದು ಸೆಕೆಂಡು ತಂಬೂರಿ ಮಾತ್ರ.

ಚಪ್ಪಾಳೆಯ ಬಗ್ಗೆ ಮೊದಲೇ ಯೋಚಿಸಿ. ಪೂರ್ಣ ಹಾಡನ್ನು ಮುಕ್ತಾಯ ಹೊಡೆದು ಸಮದಲ್ಲಿ ನಿಲ್ಲಿಸಿದರೆ ಜನ ಚಪ್ಪಾಳೆ ತಟ್ಟಿಯೇ ತಟ್ಟುತ್ತಾರೆ, ಕಥೆ ಅಲ್ಲಿಗೆ ತುಂಡು. ಹಾಡಿನ ಕೊನೆಯ ಸ್ವರ ಇನ್ನೂ ಇರುವಾಗಲೇ ಮುಂದಿನ ಪಾತ್ರ ಎತ್ತಿಕೊಳ್ಳಲಿ. ಇಡೀ ನಾಟಕದಲ್ಲಿ ಒಂದೆರಡು ಕಡೆ ಮಾತ್ರ ಚಪ್ಪಾಳೆಗೆ ಜಾಗ ಬಿಡಿ.

7. ಎಂಟು ವಾರದ ತಾಲೀಮು

ಮೊದಲ ವಾರ ಹಾಡೇ ಇಲ್ಲ. 320 ಸಾಲನ್ನೂ ಮಾತಿನಂತೆ ಓದಿಸಿ. ಓದುವಾಗ ಒತ್ತು ಎಲ್ಲಿ ಬೀಳುತ್ತದೆ, ದನಿ ಎಲ್ಲಿ ಏರುತ್ತದೆ ಎಂದು ರಾಗ ಹಾಕುವವರು ಗುರುತು ಮಾಡಿಕೊಳ್ಳಲಿ, ಧಾಟಿ ಆ ಗುರುತನ್ನು ಮೀರಬಾರದು. ಎರಡನೆಯ ವಾರ ಗಮಕ. ಶಿವಮೊಗ್ಗದ ಹೊಸಹಳ್ಳಿಯಂಥ ಕಡೆ ಬೆಳೆದ ಗಮಕಿಗಳು ಎರಡು ದಿನ ಕಲಿಸಿದರೂ ಪದ ಬಿಡಿಸುವ ರೂಢಿ ಬರುತ್ತದೆ. ಮೂರು, ನಾಲ್ಕನೆಯ ವಾರ ಕುಳಿತು ತಾಳದೊಂದಿಗೆ. ಐದು, ಆರನೆಯ ವಾರ ಎದ್ದು ನಡೆದು ಹಾಡುವುದು: ಮೆಟ್ಟಿಲು ಹತ್ತುವುದು, ಕೊಡ ಹೊರುವುದು, ಬಾಗುವುದು ಇವೆಲ್ಲ ಉಸಿರು ಕದಿಯುತ್ತವೆ. ಉದ್ದದ ಸಾಲಿರುವಲ್ಲಿ ಚಲನೆ ಬೇಡ, ಚಲನೆ ಬೇಕಾದಲ್ಲಿ ಸಾಲು ಒಡೆಯಿರಿ. ಏಳನೆಯ ವಾರ ಬೆಳಕು, ವೇಷ. ಎಂಟನೆಯ ವಾರ ಪೂರ್ಣ ಓಟ, ದಿನಕ್ಕೆ ಒಂದೇ. ಎರಡು ಓಟ ಮಾಡಿಸಿದರೆ ಕಂಠ ಬಿದ್ದುಹೋಗುತ್ತದೆ.

ಐದನೆಯ ವಾರದ ಕೊನೆಗೆ ಕಥೆ ಗೊತ್ತಿಲ್ಲದ ಇಬ್ಬರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿ, ಪ್ರತಿ ದೃಶ್ಯದ ನಂತರ ಏನಾಯಿತೆಂದು ಬರೆಸಿ. ಅವರು ತಪ್ಪು ಬರೆದ ಕಡೆ ಅಭಿನಯ ಹೆಚ್ಚಿಸಿ ಫಲವಿಲ್ಲ, ಸಾಲನ್ನೇ ಬದಲಿಸಬೇಕು. ಹೊರನಾಡಿನ ಕನ್ನಡ ಸಂಘಗಳಲ್ಲಿ ಕನ್ನಡ ಓದಲು ಬಾರದ ಮಕ್ಕಳೂ ಕೂತಿರುತ್ತಾರೆ. ಅಲ್ಲಿ ರಂಗದ ಮೇಲ್ಭಾಗದಲ್ಲಿ ದೃಶ್ಯಕ್ಕೆ ಮೂರು ನಾಲ್ಕು ವಾಕ್ಯದ ಸಾರಾಂಶವನ್ನು ಅವರು ಓದಬಲ್ಲ ಭಾಷೆಯಲ್ಲಿ ಮೂಡಿಸಿದರೆ ಸಾಕು, ಪ್ರತಿ ಸಾಲಿನ ಅನುವಾದ ಕಣ್ಣನ್ನು ರಂಗದಿಂದ ಕಿತ್ತುಕೊಳ್ಳುತ್ತದೆ.

8. ಪ್ರದರ್ಶನದ ದಿನ

ಆರು ಪಾತ್ರಗಳಿಗೆ ಆರು ಹೆಡ್‌ಸೆಟ್ ಮೈಕ್, ಮೇಳಕ್ಕೆ ಎರಡು ಸ್ಟ್ಯಾಂಡ್ ಮೈಕ್. ಹೆಡ್‌ಸೆಟ್ಟಿನ ತುದಿ ಬಾಯಿಯ ಅಂಚಿನಿಂದ ಎರಡು ಬೆರಳು ದೂರ, ಕೆನ್ನೆಯ ಪಕ್ಕಕ್ಕೆ ಇರಲಿ. ಬಾಯಿಯ ಮುಂದೆಯೇ ಇದ್ದರೆ 'ಪ', 'ಬ' ಸಿಡಿಯುತ್ತವೆ. ಕಾಲರ್ ಮೈಕ್ ಸೀರೆ, ಸರಕ್ಕೆ ಉಜ್ಜುತ್ತದೆ, ತಲೆ ತಿರುಗಿಸಿದಾಗ ದನಿ ಹೋಗುತ್ತದೆ. ಗಾಯನದ ಚಾನೆಲ್‌ಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಹೆಜ್ಜೆ ಸದ್ದು ಕಡಿಮೆಯಾಗುತ್ತದೆ. ರಂಗದ ಎರಡೂ ಬದಿಯ ಮಾನಿಟರಿಗೆ (ಗಾಯಕರಿಗೆ ಕೇಳಿಸುವ ಸ್ಪೀಕರಿಗೆ) ತಂಬೂರಿ ಮತ್ತು ಹಾರ್ಮೋನಿಯಂ ಮಾತ್ರ ಕೊಡಿ. ಮೃದಂಗ ಅದಿಲ್ಲದೆಯೂ ಕೇಳಿಸುತ್ತದೆ, ಶ್ರುತಿ ಕೇಳಿಸುವುದಿಲ್ಲ. ಸೌಂಡ್ ನೋಡಿಕೊಳ್ಳುವವರ ಕೈಯಲ್ಲಿ ಪೂರ್ತಿ ಪಠ್ಯ ಇರಬೇಕು, ಯಾರ ಸಾಲು ಯಾವಾಗ ಎಂದು ಬಣ್ಣದಲ್ಲಿ ಗುರುತಿಸಿ. ಮಾತು ಒಡೆದ ಸಾಲುಗಳಲ್ಲಿ ಎರಡು ಮೈಕೂ ತೆರೆದೇ ಇರಲಿ. ಧ್ವನಿ ಪರೀಕ್ಷೆಗೆ ಜೋರಾದ ಹಾಡನ್ನಲ್ಲ, ಗೆಳತಿಯ ದೃಶ್ಯದ ಗಮಕವನ್ನು ಹಾಡಿಸಿ. ಅದರ ಪ್ರತಿ ಅಕ್ಷರ ಕೊನೆಯ ಸಾಲಿಗೆ ಕೇಳಿಸುವ ಮಟ್ಟಕ್ಕೆ ಗಾಯನವನ್ನು ಹೊಂದಿಸಿ, ಆಮೇಲೆ ವಾದ್ಯಗಳನ್ನು ಒಂದೊಂದಾಗಿ ಅದರ ಕೆಳಗೆ ತನ್ನಿ.